ಕ್ರೋಶಾ ಗೊಂಬೆ ಪ್ಯಾಟರ್ನ್‌ನಂತೆ ಬರುತ್ತಿಲ್ಲವೇ? ಬಿಚ್ಚುವ ಮೊದಲು ಇಷ್ಟು ನೋಡಿ

ಕ್ರೋಶಾ ಗೊಂಬೆಯಲ್ಲಿ ತಪ್ಪು ಆಗುವ ಜಾಗ ಒಂದು, ಕಣ್ಣಿಗೆ ಬೀಳುವ ಜಾಗ ಇನ್ನೊಂದು. ತಲೆ ಓರೆಯಾಗಿದೆ ಅಂತ ಗೊತ್ತಾಗುವುದು 20ನೇ ಸುತ್ತಿನಲ್ಲಿ. ಸ್ಟಿಚ್ ತಪ್ಪಿದ್ದು 16ರಲ್ಲೇ ಇರುತ್ತದೆ. ಸಿಟ್ಟಿನಲ್ಲಿ ದಾರ ಎಳೆದು ಪೂರ್ತಿ ಬಿಚ್ಚಿಬಿಟ್ಟರೆ ಕಾರಣವೂ ಅದರೊಟ್ಟಿಗೆ ಹೋಯಿತು. ಆಮೇಲೆ ಯಾರನ್ನು ಕೇಳಿದರೂ ಅವರು ಊಹೆ ಮಾಡಬೇಕಷ್ಟೆ. ಹಾಗಾಗಿ ಮೊದಲ ಕೆಲಸ: ಕ್ರೋಶಾ ಕಡ್ಡಿಯಲ್ಲಿರುವ ಕುಣಿಕೆಗೆ ಒಂದು ಪಿನ್ನು ಹಾಕಿ, ಗೊಂಬೆಯನ್ನು ಹಾಗೇ ಕೆಳಗಿಡಿ.

ಇಲ್ಲಿ ಹೇಳುತ್ತಿರುವುದು ಅಮಿಗುರುಮಿ ಬಗೆಯ ಗೊಂಬೆಗಳ ಬಗ್ಗೆ. ಅಂದರೆ ಸುತ್ತು ಸುತ್ತಾಗಿ ಸಿಂಗಲ್ ಕ್ರೋಶಾ ಅನ್ನುವ ಗಿಡ್ಡ ಸ್ಟಿಚ್ಚಿನಲ್ಲಿ ಹೆಣೆದು, ಒಳಗೆ ಫೈಬರ್ ತುಂಬಿಸುವಂಥವು. ಮಂಗಳೂರು, ಉಡುಪಿ ಕಡೆ ಕ್ರೋಶಾ ಹೊಸತೇನಲ್ಲ. ದಿಂಬಿನ ಕವರಿಗೆ ಲೇಸು, ಟೇಬಲಿಗೆ ಹೊದಿಕೆ ಅಂತ ಹಾಕಿ ಹಾಕಿ ಕೈ ಪಳಗಿದ ಹಿರಿಯರು ಎಷ್ಟೋ ಮನೆಗಳಲ್ಲಿ ಇದ್ದಾರೆ. ಸಹಾಯ ಕೇಳಲು ಅವರಷ್ಟು ಒಳ್ಳೆಯವರು ಬೇರೆ ಇಲ್ಲ. ಒಂದೇ ವಿಷಯ ನೆನಪಿರಲಿ. ಲೇಸಿನಲ್ಲಿ ತೂತೇ ಚಂದ, ಗೊಂಬೆಯಲ್ಲಿ ತೂತೇ ದೋಷ. ಲೇಸಿನ ಕೈ ಸಡಿಲ, ಗೊಂಬೆಗೆ ಬಿಗಿ ಕೈ ಬೇಕು.

ಸುತ್ತು ಮುಗಿದಾಗ ಲೆಕ್ಕ ಸರಿ ಬರುವುದಿಲ್ಲ

ನೂರಕ್ಕೆ ತೊಂಬತ್ತು ತೊಂದರೆ ಇಲ್ಲಿಂದಲೇ ಶುರು ಅಂದರೂ ತಪ್ಪಿಲ್ಲ. ಗೊಂಬೆ ಓರೆ, ಕೈ ಒಂದು ದಪ್ಪ ಒಂದು ಸಪೂರ, ಕಿವಿ ಕೂರುವ ಜಾಗ ಸಿಗುವುದಿಲ್ಲ, ಹೀಗೆ ಯಾವ ದೂರು ಇದ್ದರೂ ಮೊದಲು ಸ್ಟಿಚ್ ಎಣಿಸಿ. ಖರ್ಚಿಲ್ಲದ ಪರೀಕ್ಷೆ.

ಎಣಿಸುವುದು ಹೀಗೆ. ಮೇಲಿನ ಅಂಚಿನಲ್ಲಿ ಮಲಗಿಸಿದ ಜಡೆಯ ಹಾಗೆ ಕಾಣುವ ಒಂದೊಂದು ‘ವಿ’ ಒಂದೊಂದು ಸ್ಟಿಚ್. ಕಡ್ಡಿಯ ಮೇಲಿರುವ ಕುಣಿಕೆಯನ್ನು ಎಣಿಸಬಾರದು. ಬಂದ ಸಂಖ್ಯೆಯನ್ನು ಪ್ಯಾಟರ್ನ್‌ನ (ಹೆಣೆಯುವ ಕ್ರಮ ಬರೆದ ಹಾಳೆಯ) ಸಾಲಿನ ಕೊನೆಯಲ್ಲಿರುವ ಸಂಖ್ಯೆಗೆ ಹೋಲಿಸಿ. ಆರರಿಂದ ಶುರುವಾದ ಚೆಂಡು 6, 12, 18, 24, 30, 36 ಅಂತ ಏರುತ್ತದೆ.

ಈಗ ವ್ಯತ್ಯಾಸ ಎಂಥದ್ದು ನೋಡಿ. ಪ್ರತಿ ಸುತ್ತಿಗೂ ಒಂದು ಜಾಸ್ತಿ ಆಗುತ್ತಿದ್ದರೆ, ಸುತ್ತು ಜೋಡಿಸುವ ಸ್ಲಿಪ್ ಸ್ಟಿಚ್ಚನ್ನೂ (ಎತ್ತರವೇ ಇಲ್ಲದ ಸ್ಟಿಚ್) ನೀವು ಒಂದು ಸ್ಟಿಚ್ ಅಂತ ಹಿಡಿದು ಅದರೊಳಗೆ ಹೆಣೆಯುತ್ತಿದ್ದೀರಿ. ಪ್ರತಿ ಸುತ್ತಿಗೂ ಒಂದು ಕಡಿಮೆ ಆದರೆ, ಸುತ್ತಿನ ಮೊದಲನೆಯದೋ ಕೊನೆಯದೋ ಹಾರಿಹೋಗುತ್ತಿದೆ. ಯಾವುದೋ ಒಂದು ಸುತ್ತಿನಲ್ಲಿ ಮಾತ್ರ ಎಡವಟ್ಟಾಗಿ ಆಮೇಲೆ ಅದೇ ವ್ಯತ್ಯಾಸ ಉಳಿದಿದ್ದರೆ, ಅಲ್ಲೊಂದು ಹೆಚ್ಚಿಸುವ ಸ್ಟಿಚ್ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಆಗಿದೆ. ಹೆಚ್ಚಿಸಿದ ಕಡೆ ಒಂದೇ ತೂತಿನಿಂದ ಎರಡು ಸ್ಟಿಚ್ ಎದ್ದಿರುತ್ತದೆ. ಆ ಸುತ್ತನ್ನು ಬೆರಳಲ್ಲಿ ಹಿಗ್ಗಿಸಿ ಹಿಡಿದು ಅಂಥ ಜೋಡಿಗಳನ್ನು ಎಣಿಸಿ. ಆರು ಇರಬೇಕಾದಲ್ಲಿ ಐದು ಸಿಕ್ಕಿದರೆ ಕಳ್ಳ ಸಿಕ್ಕಿದ ಹಾಗೆ.

ಸ್ಟಿಚ್ ಸರಿಯಿದ್ದೂ ಪ್ಯಾಟರ್ನೇ ತಪ್ಪಿರಬಹುದು. ಅದನ್ನೂ ಕಾಗದದ ಮೇಲೆ ಪರೀಕ್ಷೆ ಮಾಡಬಹುದು. ‘4 ಸಿಂಗಲ್, 1 ಹೆಚ್ಚಿಸು, ಹೀಗೆ 6 ಸಲ’ ಅಂತ ಬರೆದಿದ್ದರೆ, ಒಂದು ಸಲಕ್ಕೆ ಕೆಳಗಿನ ಸುತ್ತಿನ 5 ಸ್ಟಿಚ್ ಬೇಕು, ಮೇಲೆ 6 ಬರುತ್ತದೆ. ಆರು ಸಲಕ್ಕೆ 30 ಬೇಕು, 36 ಬರುತ್ತದೆ. ಹಿಂದಿನ ಸಾಲಿನ ಕೊನೆಯಲ್ಲಿ 30 ಅಂತ ಇಲ್ಲದಿದ್ದರೆ ಪ್ಯಾಟರ್ನ್ ಬರೆದವರದ್ದೇ ತಪ್ಪು. ಕಡಿಮೆ ಮಾಡುವಾಗ ಇದೇ ಲೆಕ್ಕ ಉಲ್ಟಾ: ‘4 ಸಿಂಗಲ್, 1 ಕಡಿಮೆ’ ಅಂದರೆ 6 ಹೋಗಿ 5 ಉಳಿಯುತ್ತದೆ, ಆರು ಸಲಕ್ಕೆ 36ರಿಂದ 30. ದುಡ್ಡು ಕೊಟ್ಟು ತೆಗೆದುಕೊಂಡ ಪ್ಯಾಟರ್ನ್‌ನಲ್ಲೂ ಇಂಥದ್ದು ಇರುತ್ತದೆ, ಆಶ್ಚರ್ಯಪಡಬೇಡಿ. ಇನ್ನು ಚಿತ್ರ ಮಾತ್ರ ಭಾರಿ ಚಂದ, ಹತ್ತಿರದಿಂದ ನೋಡಿದರೆ ಸ್ಟಿಚ್ಚಿನ ಸಾಲು ಎಲ್ಲಿ ಹುಟ್ಟಿ ಎಲ್ಲಿ ಹೋಗುತ್ತದೆ ಅಂತಲೇ ತಿಳಿಯದು ಅನ್ನುವಂಥ ಪ್ಯಾಟರ್ನ್‌ಗಳೂ ಈಗ ಬರುತ್ತಿವೆ. ಅವು ಕಂಪ್ಯೂಟರ್ ಬಿಡಿಸಿದ ಚಿತ್ರಗಳು. ಆ ಗೊಂಬೆಯನ್ನು ಯಾರೂ ಹೆಣೆದೇ ಇಲ್ಲ. ಅದರ ಹಿಂದೆ ಬೀಳಬೇಡಿ.

ಸರಿ ಮಾಡುವುದು ಎಷ್ಟು? ನನ್ನ ಅಭಿಪ್ರಾಯ ಇದು. ಹೊಟ್ಟೆ, ಬೆನ್ನು ಇಂಥ ಜಾಗದಲ್ಲಿ ಒಂದೇ ಒಂದು ಸ್ಟಿಚ್ ವ್ಯತ್ಯಾಸವಿದ್ದರೆ ಬಿಚ್ಚುವ ಅಗತ್ಯ ಇಲ್ಲ. ಮುಂದಿನ ಸುತ್ತಿನಲ್ಲಿ ಬೆನ್ನಿನ ಕಡೆ ಒಂದು ಸೇರಿಸಿ, ಇಲ್ಲವೇ ಎರಡನ್ನು ಒಂದು ಮಾಡಿ. ಮುಖ ಇರುವ ತಲೆಯಲ್ಲಿ, ಅಥವಾ ಜೋಡಿಯಾಗಿ ಬರುವ ಕೈಕಾಲುಗಳಲ್ಲಿ ಹಾಗೆ ಮಾಡಬೇಡಿ. ಅಲ್ಲಿ ಎದ್ದು ಕಾಣುತ್ತದೆ.

ಮತ್ತೆ ಹೀಗಾಗದಂತೆ ಒಂದು ಸುಲಭ ದಾರಿ ಉಂಟು. ಬೇರೆ ಬಣ್ಣದ ಒಂದು ಗೇಣು ದಾರ ತೆಗೆದುಕೊಂಡು, ಸುತ್ತಿನ ಕೊನೆಯ ಸ್ಟಿಚ್ಚಿಗೂ ಮೊದಲನೆಯದಕ್ಕೂ ನಡುವೆ ಅಡ್ಡ ಇಡಿ. ಒಂದು ಸುತ್ತಿಗೆ ಹಿಂದೆ, ಮುಂದಿನ ಸುತ್ತಿಗೆ ಮುಂದೆ. ಅದು ಕೆಳಗಿನಿಂದ ಮೇಲಿನವರೆಗೂ ಪ್ರತಿ ಸುತ್ತು ಎಲ್ಲಿ ಶುರುವಾಯಿತು ಅಂತ ಬರೆದಿಟ್ಟ ಹಾಗೆ ಉಳಿಯುತ್ತದೆ. ಗೊಂಬೆ ಮುಗಿದ ಮೇಲೆ ಎಳೆದು ತೆಗೆಯಿರಿ.

ಗೊಂಬೆ ಬಲೆಯ ಹಾಗೆ ಆಗಿದೆ, ಎತ್ತರವೂ ಜಾಸ್ತಿ

ಲೆಕ್ಕ ಸರಿಯಿದೆ, ಆದರೆ ಮೊಲ ಜಿರಾಫೆಯಾಗುತ್ತಿದೆ ಅಂತಾದರೆ, ಪ್ಯಾಟರ್ನ್ ಬ್ರಿಟಿಷ್ ಪದ್ಧತಿಯದು, ನೀವು ಅಮೆರಿಕನ್ ಪದ್ಧತಿಯಲ್ಲಿ ಓದುತ್ತಿದ್ದೀರಿ. ಅಮೆರಿಕದವರು ‘ಸಿಂಗಲ್’ ಅನ್ನುವ ಗಿಡ್ಡ ಸ್ಟಿಚ್ಚಿಗೇ ಬ್ರಿಟನ್ನಿನವರು ‘ಡಬಲ್’ ಅನ್ನುತ್ತಾರೆ. ಅಮೆರಿಕದವರ ಡಬಲ್ ಅವರಿಗೆ ‘ಟ್ರೆಬಲ್’. ಪ್ಯಾಟರ್ನ್‌ನಲ್ಲಿ ಎಲ್ಲಾದರೂ ‘ಎಸ್‌ಸಿ’ (ಸಿಂಗಲ್ ಕ್ರೋಶಾ) ಅಂತ ಕಂಡರೆ ಅದು ಅಮೆರಿಕನ್. ಬ್ರಿಟಿಷ್ ಪದ್ಧತಿಯಲ್ಲಿ ಸಿಂಗಲ್ ಅನ್ನುವ ಸ್ಟಿಚ್ ಈಗ ಬಳಕೆಯಲ್ಲಿ ಇಲ್ಲ. ಗೊಂಬೆಯ ಪ್ಯಾಟರ್ನ್ ಇಡೀ ‘ಡಿಸಿ’, ‘ಡಿಸಿ’ (ಡಬಲ್ ಕ್ರೋಶಾ) ಅಂತಲೇ ಇದ್ದರೆ ಅದು ಬ್ರಿಟಿಷ್, ಗಿಡ್ಡ ಸ್ಟಿಚ್ಚೇ ಹಾಕಿ. ಲೇಸು ಹಾಕಿ ಅಭ್ಯಾಸ ಇದ್ದವರ ಕೈ ಡಿಸಿ ಅಂದ ಕೂಡಲೇ ಉದ್ದದ ಸ್ಟಿಚ್ಚಿಗೆ ಹೋಗುತ್ತದೆ, ಅದಕ್ಕೆ ಮೊದಲೇ ಹೇಳಿಬಿಡಿ.

ಚೀನಾದಿಂದ ಬಂದ ಪ್ಯಾಟರ್ನ್ ಆಗಿದ್ದರೆ ಬರೀ ಎಕ್ಸ್, ವಿ, ಎ ಅಂತ ಇರುತ್ತದೆ. ಎಕ್ಸ್ ಸಿಂಗಲ್, ವಿ ಹೆಚ್ಚಿಸುವುದು, ಎ ಕಡಿಮೆ ಮಾಡುವುದು.

ಒಳಗಿನ ಬಿಳಿ ಫೈಬರ್ ಹೊರಗೆ ಕಾಣುತ್ತದೆ

ಯಾವಾಗ ಕಂಡಿತು ಅನ್ನುವುದೇ ಇಲ್ಲಿ ಮುಖ್ಯ.

ತುಂಬಿಸುವ ಮೊದಲೇ ಬೆರಳು ಒಳಗೆ ಹಾಕಿ ಬೆಳಕಿಗೆ ಹಿಡಿಯಿರಿ. ಬೆರಳಿನ ಚರ್ಮ ಅಲ್ಲಲ್ಲಿ ಕಂಡರೆ ಕಡ್ಡಿ ದೊಡ್ಡದಾಯಿತು. ಉಲ್ಲನ್ ಉಂಡೆಯ ಲೇಬಲ್ಲಿನಲ್ಲಿ 4 ಮಿ.ಮೀ. ಅಂತ ಇದ್ದರೂ ಅದು ಸ್ವೆಟರಿಗೆ, ಶಾಲಿಗೆ. ಗೊಂಬೆಗೆ 3 ಅಥವಾ 2.5 ಮಿ.ಮೀ. ಹಿಡಿಯಿರಿ. ಹೊಸ ಉಲ್ಲನ್ ತರುವ ಮೊದಲು ಒಂದು ಸಣ್ಣ ಕಡ್ಡಿ ತಂದು ನೋಡಿ, ಅದು ಅಗ್ಗ.

ತುಂಬಿಸುವವರೆಗೆ ಸರಿಯಿದ್ದು ಆಮೇಲೆ ಬಾಯಿ ಬಿಟ್ಟರೆ ಫೈಬರ್ ಜಾಸ್ತಿಯಾಯಿತು. ಸ್ವಲ್ಪ ತೆಗೆಯಿರಿ.

ಕಡಿಮೆ ಮಾಡಿದ ಕಡೆಗಳಲ್ಲಿ ಮಾತ್ರ ತೂತು ಇದ್ದರೆ ಕಡಿಮೆ ಮಾಡುವ ರೀತಿ ಬದಲಿಸಿ. ಎರಡು ಸ್ಟಿಚ್ಚುಗಳ ಮುಂದಿನ ಎಳೆಯನ್ನಷ್ಟೇ ಕಡ್ಡಿಗೆ ಎತ್ತಿಕೊಳ್ಳಿ. ದಾರ ಸುತ್ತಿ ಎರಡರಿಂದಲೂ ಎಳೆಯಿರಿ, ಮತ್ತೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ಗಂಟೂ ಇಲ್ಲ, ತೂತೂ ಇಲ್ಲ.

ಇನ್ನೊಂದು ಕಾರಣ ಹೊಸಬರಲ್ಲಿ ತುಂಬ ಸಾಮಾನ್ಯ. ಗೊಂಬೆ ಒಳಮಗ್ಗುಲು ಹೊರಗೆ ಆಗಿರುತ್ತದೆ. ಹೊರಗಡೆ ಅಚ್ಚುಕಟ್ಟಾದ ‘ವಿ’ಗಳು ಕಾಣಬೇಕು. ಅಡ್ಡ ಗೀಟುಗಳು ಕಂಡರೆ ಅದು ಒಳಮಗ್ಗುಲು. ಇನ್ನೂ ತುಂಬಿಸಿಲ್ಲ ಅಂದರೆ ಚೀಲ ಮಗುಚಿದ ಹಾಗೆ ಮಗುಚಿಬಿಡಿ, ಸರಿಹೋಯಿತು. ‘ವಿ’ ಬದಲು ‘ಎಕ್ಸ್’ ಕಂಡರೆ ಗಾಬರಿ ಬೇಡ. ದಾರವನ್ನು ಕಡ್ಡಿಯ ಮೇಲಿಂದ ಸುತ್ತುವ ಬದಲು ಕೆಳಗಿಂದ ಎಳೆದುಕೊಂಡಿದ್ದೀರಿ. ಅದು ತಪ್ಪಲ್ಲ, ಇನ್ನೂ ಬಿಗಿಯಾಗಿ ಬರುತ್ತದೆ. ಆದರೆ ಒಂದು ಕಾಲು ‘ವಿ’, ಇನ್ನೊಂದು ಕಾಲು ‘ಎಕ್ಸ್’ ಆದರೆ ಅಳತೆಯಲ್ಲಿ ವ್ಯತ್ಯಾಸ ಬರುತ್ತದೆ.

ಚೆಂಡಾಗಬೇಕಾದದ್ದು ಬೇರೇನೋ ಆಗಿದೆ

ಅಂಚು ನಿರಿಗೆ ನಿರಿಗೆಯಾಗಿ ಕುಣಿಯುತ್ತಿದ್ದರೆ ಹೆಚ್ಚಿಸಿದ್ದು ಜಾಸ್ತಿ. ಬೇಗ ಬಟ್ಟಲಾಗಿ ಮುಚ್ಚಿಕೊಂಡರೆ ಹೆಚ್ಚಿಸಿದ್ದು ಸಾಲದು, ಅಥವಾ ಕೈ ಅತಿ ಬಿಗಿ. ಆರು ಮೂಲೆಯ ಡಬ್ಬಿಯಾದರೆ ಲೆಕ್ಕ ಸರಿಯೇ ಇದೆ, ಹೆಚ್ಚಿಸಿದ ಸ್ಟಿಚ್ಚುಗಳು ಒಂದರ ಮೇಲೊಂದು ಕೂತಿವೆ ಅಷ್ಟೆ. ಸುತ್ತು ಬಿಟ್ಟು ಸುತ್ತು ಜಾಗ ಬದಲಿಸಿ: ‘4 ಸಿಂಗಲ್, 1 ಹೆಚ್ಚಿಸು’ ಬದಲು ‘2 ಸಿಂಗಲ್, 1 ಹೆಚ್ಚಿಸು, 2 ಸಿಂಗಲ್’. ಒಟ್ಟು ಲೆಕ್ಕ ಬದಲಾಗುವುದಿಲ್ಲ.

ಶುರುಮಾಡಿದ ಜಾಗದಲ್ಲಿ ತೂತು ಬಿಟ್ಟುಕೊಂಡಿತು

ಮ್ಯಾಜಿಕ್ ರಿಂಗ್‌ನ (ಮೊದಲ ಸುತ್ತು ಹಾಕುವ, ಎಳೆದರೆ ಬಿಗಿಯಾಗುವ ದಾರದ ಉಂಗುರ) ಬಾಲ ಗಿಡ್ಡ ಕತ್ತರಿಸಿದ್ದೇ ಕಾರಣ. ಬಾಲ ಅರ್ಧ ಗೇಣಾದರೂ ಇರಬೇಕು, ಒಂದು ದಿಕ್ಕಿನಲ್ಲಿ ರಿಂಗ್ ಸುತ್ತ ಹೊಲಿದು, ಮತ್ತೆ ಉಲ್ಟಾ ದಿಕ್ಕಿನಲ್ಲಿ ಹೊಲಿದು ಆಮೇಲೆ ಕತ್ತರಿಸಬೇಕು. ತುಂಬಿಸಿ ಮುಗಿದ ಮೇಲೆ ಬಿಟ್ಟುಕೊಂಡಿದ್ದರೂ ಪರವಾಗಿಲ್ಲ. ಅದೇ ಬಣ್ಣದ ದಾರ ಸೂಜಿಗೆ ಹಾಕಿ, ತೂತಿನ ಸುತ್ತ ಇರುವ ಆರೂ ಸ್ಟಿಚ್ಚುಗಳ ಬುಡ ಹಿಡಿದು ಎಳೆದು ಬಿಗಿ ಮಾಡಿ, ಗಂಟು ಹಾಕಿ, ತುದಿಯನ್ನು ಗೊಂಬೆಯೊಳಗೆ ಎಳೆದುಬಿಡಿ. ರಿಂಗ್ ಒಗ್ಗದೇ ಹೋದರೆ 2 ಚೈನ್ ಹಾಕಿ ಕಡ್ಡಿಯಿಂದ ಎರಡನೇ ಚೈನಿನಲ್ಲಿ 6 ಸಿಂಗಲ್ ಹಾಕಿ ಶುರುಮಾಡಿ.

ಹುಲಿಯ ಪಟ್ಟೆ ಮೆಟ್ಟಿಲಾಗುತ್ತದೆ

ಉಡುಪಿಯಲ್ಲಿ ವಿಟ್ಲಪಿಂಡಿ (ಕೃಷ್ಣಾಷ್ಟಮಿಯ ಮರುದಿನದ ಉತ್ಸವ), ಮಂಗಳೂರಿನಲ್ಲಿ ದಸರಾ ಹತ್ತಿರ ಬಂತು ಅಂದರೆ ಮಕ್ಕಳಿಗೆ ಹುಲಿವೇಷದ ಗೊಂಬೆಯೇ ಬೇಕು. ಹಳದಿ, ಕಪ್ಪು, ಹಳದಿ, ಕಪ್ಪು. ಹೊಸಬರು ಕೈ ಚೆಲ್ಲುವುದೂ ಇದರಲ್ಲೇ.

ಹೊಸ ಬಣ್ಣದ ಮೊದಲ ಸ್ಟಿಚ್ಚಿನ ತಲೆಯ ಮೇಲೆ ಹಳೆ ಬಣ್ಣದ ಚುಕ್ಕೆ ಕಂಡರೆ ಬಣ್ಣ ಬದಲಿಸಿದ್ದು ತಡವಾಯಿತು. ಹಳದಿಯ ಕೊನೆಯ ಸ್ಟಿಚ್ಚನ್ನು ಅರ್ಧ ಹಾಕಿ. ಕಡ್ಡಿಯ ಮೇಲೆ ಎರಡು ಕುಣಿಕೆ ಇರುವಾಗ ನಿಲ್ಲಿಸಿ. ಆ ಕೊನೆಯ ಎಳೆತವನ್ನು ಕಪ್ಪು ದಾರದಲ್ಲಿ ಮಾಡಿ. ಮುಂದಿನ ಸ್ಟಿಚ್ ಪೂರ್ತಿ ಕಪ್ಪಾಗಿ ಬರುತ್ತದೆ.

ಪಟ್ಟೆಯ ಶುರುವಿಗೂ ಕೊನೆಗೂ ಒಂದು ಮೆಟ್ಟಿಲು ಕಂಡರೆ ಅದು ನಿಮ್ಮ ದೋಷ ಅಲ್ಲ. ಸುತ್ತು ಅನ್ನುವುದು ನಿಜಕ್ಕೂ ಸುರುಳಿ, ಒಂದು ಸುತ್ತು ಮುಗಿಯುವಾಗ ಒಂದು ಸಾಲು ಮೇಲೆ ಬಂದಿರುತ್ತದೆ. ಪೂರ್ತಿ ಹೋಗುವುದಿಲ್ಲ, ಕಡಿಮೆ ಮಾಡಬಹುದು. ಹೊಸ ಬಣ್ಣದ ಮೊದಲ ಸ್ಟಿಚ್ಚನ್ನು ಸ್ಲಿಪ್ ಸ್ಟಿಚ್ ಹಾಕಿ, ಮುಂದಿನ ಸುತ್ತಿನಲ್ಲಿ ಅದರ ಮೇಲೆ ಎಂದಿನಂತೆ ಸಿಂಗಲ್ ಹಾಕಿ. ಸುತ್ತಿನ ಶುರುವನ್ನು ಬೆನ್ನಿನ ಕಡೆ ಇಟ್ಟುಕೊಂಡರೆ ಉಳಿದದ್ದನ್ನು ಯಾರೂ ನೋಡುವುದಿಲ್ಲ.

ಹಳದಿಯ ಹಿಂದೆ ಕಪ್ಪು ದಾರ ನೆರಳಿನ ಹಾಗೆ ಕಂಡರೆ, ಕಪ್ಪನ್ನು ಸ್ಟಿಚ್ಚಿನೊಳಗೆ ಸೇರಿಸಿ ಒಯ್ಯಬೇಡಿ. ಒಳಗೆ ಸಡಿಲವಾಗಿ ಬಿಟ್ಟು ಬೇಕಾದಲ್ಲಿ ಎತ್ತಿಕೊಳ್ಳಿ. ಹತ್ತಿ ದಾರವಾದರೆ ಬಿಳಿ ಬಟ್ಟೆ ಒದ್ದೆ ಮಾಡಿ ಕಪ್ಪು, ಕೆಂಪು ದಾರಕ್ಕೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ದಾರ ಬೇಡ.

ತಲೆ ಆಡುತ್ತದೆ, ಮುಖ ಒಂದು ಬದಿಗೆ ಹೋಗಿದೆ

ಕುತ್ತಿಗೆ ಒತ್ತಿ ನೋಡಿ. ಮೆತ್ತಗಿದ್ದರೆ ಫೈಬರ್ ಕುತ್ತಿಗೆಗೆ ತಲುಪಿಲ್ಲ. ಮುಚ್ಚುವ ಮೊದಲು ಕಡ್ಡಿಯ ಹಿಂಬದಿಯಿಂದ ಕುತ್ತಿಗೆಗೆ ಗಟ್ಟಿಯಾಗಿ ತುಂಬಿ. ಆಮೇಲೂ ಆಡಿದರೆ ಹೊಲಿಗೆ ಇನ್ನೊಂದು ಸುತ್ತು ಹಾಕಿ. ಮಗುವಿನ ಗೊಂಬೆಗೆ ತಂತಿ, ಐಸ್‌ಕ್ರೀಮ್ ಕಡ್ಡಿ ಇಂಥದ್ದೆಲ್ಲ ತುರುಕಬೇಡಿ.

ಮುಖ ಓರೆಯಾಗುವುದಕ್ಕೆ ಹೆಚ್ಚಾಗಿ ಲೆಕ್ಕ ಕಾರಣ ಅಲ್ಲ. ಸುರುಳಿಯಲ್ಲಿ ಹೆಣೆಯುವಾಗ ಸ್ಟಿಚ್ಚುಗಳು ಮೇಲೆ ಹೋದಂತೆ ಸ್ವಲ್ಪ ಸ್ವಲ್ಪವೇ ಸರಿಯುತ್ತವೆ, ಬಲಗೈಯವರಿಗೆ ಬಲಕ್ಕೆ. ಕೆಳಗಿನಿಂದ ನೇರ ಸಾಲು ಹಿಡಿದು ಮೂಗು ಇಟ್ಟರೆ ಅದು ನಡುವೆ ಬರುವುದಿಲ್ಲ. ಪಿನ್ನು ಚುಚ್ಚಿ, ಗೊಂಬೆಯನ್ನು ಮೇಜಿನ ಮೇಲೆ ಕೂರಿಸಿ, ಎದುರಿನಿಂದಲೂ ನೆತ್ತಿಯ ಮೇಲಿಂದಲೂ ನೋಡಿ ಆಮೇಲೆ ಹೊಲಿಯಿರಿ. ಎಡಗೈಯವರು ಪ್ಯಾಟರ್ನ್‌ನ ಎಡ, ಬಲ ಎರಡನ್ನೂ ಅದಲು ಬದಲು ಮಾಡಿ ಓದಬೇಕು.

ವಾಸನೆ, ಬೂಷ್ಟು, ಕಂದು ಕಲೆ

ಇದು ಕರಾವಳಿಯವರ ತೊಂದರೆ, ಬೇರೆ ಕಡೆಯ ಪ್ಯಾಟರ್ನ್‌ಗಳಲ್ಲಿ ಇದರ ಮಾತೇ ಇರುವುದಿಲ್ಲ.

ಕಂದು ಕಲೆ ಚುಕ್ಕೆಯಷ್ಟೇ ಇದ್ದರೆ ಅದು ಬೂಷ್ಟಲ್ಲ, ತುಕ್ಕು. ಗುರುತಿಗೆ ಹಾಕಿದ ಕಬ್ಬಿಣದ ಪಿನ್ನು ಜೂನಿನಿಂದ ಸೆಪ್ಟೆಂಬರಿನ ತೇವಕ್ಕೆ ತುಕ್ಕು ಬಿಡುತ್ತದೆ. ಬಿಳಿ ಉಲ್ಲನ್ನಿನ ಮೇಲೆ ಆ ಕಲೆ ಸೋಪಿಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಗುರುತೋ ದಾರದ ತುಂಡೋ ಸಾಕು.

ಗೊಂಬೆ ಹಿಂಡಿದಾಗ ಮುಗ್ಗಲು ವಾಸನೆ ಬಂದರೆ ಒಳಗೆ ಏನಿದೆ ಅನ್ನುವುದನ್ನು ನೋಡಿ. ಹಳೆ ದಿಂಬಿನ ಬೂರುಗದ ಹತ್ತಿ, ಬಟ್ಟೆ ಚೂರು ನೀರು ಹಿಡಿದುಕೊಂಡು ಒಣಗಲು ದಿನಗಟ್ಟಲೆ ತೆಗೆದುಕೊಳ್ಳುತ್ತವೆ. ಕೂರಲಿ ಅಂತ ತಳಕ್ಕೆ ಅಕ್ಕಿ, ಹೆಸರು ತುಂಬಿಸಿದ್ದರೆ ಹುಳವೂ ಬರುತ್ತದೆ. ಹೊಲಿಗೆ ಬಿಚ್ಚಿ ಎಲ್ಲ ಹೊರಗೆ ತೆಗೆದು, ಹೊರಕವಚ ತೊಳೆದು ಒಣಗಿಸಿ, ಪಾಲಿಯೆಸ್ಟರ್ ಫೈಬರ್ ತುಂಬಿಸಿ. ತುಂಬಿದ ಗೊಂಬೆ ತೊಳೆಯುವುದಾದರೆ ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು ಫ್ಯಾನಿನ ಕೆಳಗೆ ಮಲಗಿಸಿಡಿ. ಕಿವಿಗೆ ಕ್ಲಿಪ್ ಹಾಕಿ ನೇತುಹಾಕಿದರೆ ಕಿವಿ ಉದ್ದವಾಗುತ್ತದೆ. ಅಕ್ರಿಲಿಕ್ಕಿಗೆ ಇಸ್ತ್ರಿ ಇಡಲೇಬೇಡಿ, ಕರಗುತ್ತದೆ. ಒಲೆಯ ಹತ್ತಿರವೂ ಬೇಡ.

ಇಲ್ಲಿ ಕೆಲಸ ನಿಲ್ಲಿಸಿ

ಮೂರು ವರ್ಷದೊಳಗಿನ ಮಗುವಿಗೆ ಕೊಡುವ ಗೊಂಬೆಯಾದರೆ ಪ್ಲಾಸ್ಟಿಕ್ ಕಣ್ಣು, ಗುಂಡಿ, ಮಣಿ ಯಾವುದೂ ಬೇಡ. ಹೆಸರು ಸೇಫ್ಟಿ ಐ ಅಂತ ಇದ್ದರೂ ಮಗು ಕಚ್ಚಿ ಎಳೆಯುವಾಗ ಸ್ಟಿಚ್ ಹಿಗ್ಗಿ ಕಣ್ಣು ಕೈಗೆ ಬರುತ್ತದೆ. ಆಟಿಕೆಗಳ ಪರೀಕ್ಷೆಯಲ್ಲಿ ಬಳಸುವ ಸಣ್ಣ ಕೊಳವೆಯ ಅಗಲ 31.7 ಮಿ.ಮೀ. ಅದರೊಳಗೆ ಪೂರ್ತಿ ಕೂರುವ ಬಿಡಿ ಚೂರು ಮಗುವಿನ ಗಂಟಲಿಗೆ ಅಪಾಯ ಅಂತ ಲೆಕ್ಕ. ಗೊಂಬೆಯ ಕಣ್ಣು ಅದಕ್ಕಿಂತ ಎಷ್ಟೋ ಸಣ್ಣದು. ಕಪ್ಪು ದಾರದಲ್ಲಿ ಕಣ್ಣು ಹೊಲಿಯಿರಿ. ಕೊರಳಿಗೆ ಉದ್ದದ ದಾರ, ರಿಬ್ಬನ್ ಬೇಡ.

ದೊಡ್ಡ ಮಕ್ಕಳ ಗೊಂಬೆಗೆ ಸೇಫ್ಟಿ ಐ ಹಾಕುವುದಾದರೆ ಒಳಗಿನ ವಾಷರ್ ಟಿಕ್ ಅನ್ನುವವರೆಗೆ ಒತ್ತಬೇಕು. ಒಮ್ಮೆ ಕೂತರೆ ಹಿಂದೆ ಬರುವುದಿಲ್ಲ, ಅದಕ್ಕೇ ಪಿನ್ನಿನಲ್ಲಿ ಜಾಗ ನೋಡಿಕೊಂಡೇ ಒತ್ತಿ. ತಪ್ಪು ಜಾಗದಲ್ಲಿ ಕೂತದ್ದನ್ನು ಕತ್ತರಿಸುವಾಗ ಚೂರು ಕಣ್ಣಿಗೆ ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಹೊಲಿಯುವ ಮೊದಲು ಎಷ್ಟು ಪಿನ್ನು ಚುಚ್ಚಿದಿರಿ, ಮುಗಿದ ಮೇಲೆ ಎಷ್ಟು ತೆಗೆದಿರಿ, ಎರಡೂ ಎಣಿಸಿ. ಒಂದು ಕಡಿಮೆ ಬಂದರೆ ಅದು ಸಿಗುವ ತನಕ ಗೊಂಬೆ ಮಗುವಿನ ಕೈಗೆ ಹೋಗಬಾರದು.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತಿದ್ದರೆ ಕಡ್ಡಿ ಕೆಳಗಿಡಿ. ಎರಡು ದಿನ ಬಿಟ್ಟರೂ ಹೋಗದಿದ್ದರೆ, ರಾತ್ರಿ ಎಚ್ಚರವಾಗುವಷ್ಟು ಇದ್ದರೆ ಡಾಕ್ಟರಿಗೆ ತೋರಿಸಿ. ಕ್ರೋಶಾದವರನ್ನು ಕೇಳುತ್ತಾ ಕೂರಬೇಡಿ.

ಮಾರುವ ಯೋಚನೆ ಇದ್ದವರಿಗೆ ಒಂದು ಮಾತು. 14 ವರ್ಷದೊಳಗಿನವರ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಉಂಟು. ಮೊದಲ ಆರ್ಡರ್ ಹಿಡಿಯುವ ಮೊದಲೇ ಅದನ್ನು ವಿಚಾರಿಸಿ.

ಸಹಾಯ ಕೇಳಲು ಹೋಗುವಾಗ

ಎಣಿಸಿ ಆಯಿತು, ಪ್ಯಾಟರ್ನ್‌ನ ಗಣಿತ ನೋಡಿ ಆಯಿತು, ಇನ್ನೂ ಗೊತ್ತಾಗುತ್ತಿಲ್ಲ ಅಂದರೆ ಕೇಳಬೇಕು. ಆದರೆ ‘ಯಾಕೋ ಸರಿ ಬರ್ತಾ ಇಲ್ಲ ಮಾರಾಯ್ರೆ’ ಅಂತ ಮಾತ್ರ ಹೇಳಿದರೆ ಯಾರಿಗೂ ಉತ್ತರ ಕೊಡಲಾಗುವುದಿಲ್ಲ. ಲೇಸು ಹಾಕುವ ಒಬ್ಬರು ‘ಬಾಯಿ’, ಅಂದರೆ ಹಿರಿಯ ಹೆಂಗಸು, ನಮ್ಮ ಪಕ್ಕದ ಓಣಿಯಲ್ಲಿ ಇದ್ದಾರೆ. ಇಂಗ್ಲಿಷ್ ಪ್ಯಾಟರ್ನ್ ಅವರು ಓದುವುದಿಲ್ಲ. ಆದರೆ ಗೊಂಬೆ ಕೈಗೆ ಕೊಟ್ಟರೆ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತಾ ಹೋಗಿ, ಒಂದು ಕಡೆ ನಿಲ್ಲಿಸಿ, ‘ಇಲ್ಲಿ ಎರಡು ಹಾಕಿದ್ದಿ ನೋಡು ಮಗಾ’ ಅನ್ನುತ್ತಾರೆ. ಬಿಚ್ಚಿಕೊಂಡು ಹೋದರೆ ಅವರಾದರೂ ಏನು ಸವರುವುದು?

ಹಾಗಾಗಿ ಗೊಂಬೆ ಇದ್ದ ಹಾಗೇ ಒಯ್ಯಿರಿ. ಜೊತೆಗೆ ಕಡ್ಡಿ, ಉಲ್ಲನ್ ಲೇಬಲ್, ಎಷ್ಟನೇ ಸುತ್ತು, ಎಷ್ಟು ಸ್ಟಿಚ್ ಇರಬೇಕಿತ್ತು, ಎಷ್ಟು ಇದೆ. ಓದಲು ಬಾರದವರಿಗೆ ಪ್ಯಾಟರ್ನ್‌ನ ಆ ಒಂದು ಸಾಲನ್ನು ನೀವೇ ಬಾಯಿಮಾತಿನಲ್ಲಿ ಹೇಳಿ: ‘ನಾಲ್ಕು ಗಿಡ್ಡದ್ದು, ಆಮೇಲೆ ಒಂದರಲ್ಲಿ ಎರಡು, ಹೀಗೆ ಆರು ಸಲ.’ ಫೋನಿನಲ್ಲಿ ಫೋಟೊ ಕಳಿಸುವುದಾದರೆ ಹಗಲು ಬೆಳಕಿನಲ್ಲಿ ಮೂರು ತೆಗೆಯಿರಿ: ಹೊರಮಗ್ಗುಲು, ಒಳಮಗ್ಗುಲು, ಮೇಲಿನ ಅಂಚು. ಕಪ್ಪು ಉಲ್ಲನ್ ಆದರೆ ಒಳಗೆ ಬಿಳಿ ಕಾಗದ ಸುರುಳಿ ಮಾಡಿ ಇಡಿ, ಇಲ್ಲದಿದ್ದರೆ ಸ್ಟಿಚ್ಚೇ ಕಾಣುವುದಿಲ್ಲ.

ದುಡ್ಡು ಕೊಟ್ಟ ಪ್ಯಾಟರ್ನ್ ಆದರೆ ಪೂರ್ತಿ ಫೈಲ್ ಯಾರಿಗೂ ಕಳಿಸಬೇಡಿ, ಅದು ಬರೆದವರ ಸಂಪಾದನೆ. ಸಿಕ್ಕಿಬಿದ್ದ ಸಾಲು ಮಾತ್ರ ತೋರಿಸಿದರೆ ಸಾಕು. ಗಣಿತದ ತಪ್ಪು ಅಂತ ಖಚಿತವಾದರೆ ಬರೆದವರನ್ನೇ ಕೇಳಿ: ಯಾವ ಸುತ್ತು, ಅದರ ಹಿಂದಿನ ಸುತ್ತಿನ ಲೆಕ್ಕ ಎಷ್ಟು, ಇದರಲ್ಲಿ ಎಷ್ಟು ಬರಬೇಕು ಅಂತ ಬರೆದಿದ್ದಾರೆ, ನಿಮಗೆ ಎಷ್ಟು ಬಂತು. ನಾಲ್ಕೇ ಸಾಲು ಬರೆದರೆ ಸಾಕು. ಉತ್ತರ ಬರುವವರೆಗೆ ಆ ಭಾಗ ಬಿಟ್ಟು ಕಿವಿ, ಬಾಲ ಹೆಣೆಯುತ್ತಿರಿ.